ಬಿತ್ತುವ ಯಂತ್ರದ ಬೆಲ್ಲು

ಬೆಳಿಗ್ಗೆ ಹತ್ತೂವರೆಗೆ ಚೈನ್ ಮೂರನೇ ಸಲ ಕಳಚಿತು.

ಅತ್ತಿಗೆ ಟ್ರ್ಯಾಕ್ಟರ್ ನಿಲ್ಲಿಸಿ ಸೀಟಿನಲ್ಲೇ ಹಿಂದಕ್ಕೆ ತಿರುಗಿದಳು. ಹಿಂದೆ ಕಟ್ಟಿದ್ದ ಆಲೂಗಡ್ಡೆ ಬಿತ್ತುವ ಯಂತ್ರದ ಮೇಲೆ ಮೈದುನ ಕೂತಿದ್ದ. ಯಂತ್ರ ಅವನದೇ ಕೈಕೆಲಸ. ಅವನದು ಸೈಕಲ್ ರಿಪೇರಿ ಅಂಗಡಿ. ಕಡ್ಡಿಯಂತಿದ್ದದ್ದರಿಂದ ಎಲ್ಲರಿಗೂ ಅವನು ‘ಸ್ಪೋಕ್’.

“ಏನ್ ಸ್ಪೋಕ್ ಸಾಹೇಬ್ರೇ, ವಿಮಾನ ಮತ್ತೆ ಕೆಟ್ಟು ಕೂತಿತಾ?”

“ಹಳೇ ಚೈನು ಅತ್ತಿಗೆ, ಸ್ವಲ್ಪ ಸಡಿಲ. ಒಂದೇ ನಿಮಿಷ.”

“ಅದಕ್ಕೊಂದು ಮುಚ್ಚಳ ಹಾಕು ಅಂತ ವಾರದಿಂದ ಬಡ್ಕೊತಿದೀನಿ.”

“ಮುಚ್ಚಳ ಇದ್ದಿದ್ರೆ ಪ್ರತಿ ಸಲ ಅದನ್ನೂ ಬಿಚ್ಚಬೇಕಾಗಿತ್ತು. ಈಗ ನೋಡಿ, ಎಷ್ಟು ಸಲೀಸು!”

ಯಂತ್ರದ ಕೆಲಸ ಸರಳವಾಗಿತ್ತು. ಮುಳ್ಳುಗಳಿದ್ದ ಕಬ್ಬಿಣದ ಚಕ್ರ ನೆಲದ ಮೇಲೆ ಉರುಳುತ್ತಿತ್ತು. ಅದಕ್ಕೆ ಜೋಡಿಸಿದ ಸೈಕಲ್ ಚೈನು ಮೈದುನನ ಮೊಣಕಾಲ ಬಳಿಯ ತೂತು ತಟ್ಟೆಯನ್ನು ತಿರುಗಿಸುತ್ತಿತ್ತು. ಅವನು ತೂತಿಗೊಂದರಂತೆ ಗಡ್ಡೆಯ ಹೋಳು ಇಡುತ್ತಿದ್ದ. ತೂತು ಕೊಳವೆಯ ನೇರಕ್ಕೆ ಬಂದಾಗ ಹೋಳು ಜಾರಿ ಸಾಲಿಗೆ ಬೀಳುತ್ತಿತ್ತು. ಒಂದೊಂದು ಬಿದ್ದಾಗಲೂ ತಟ್ಟೆಯ ಅಂಚಿನ ಬೋಲ್ಟು ಬ್ರೇಕ್ ವೈರೊಂದನ್ನು ಎಳೆದು, ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಬಿಗಿದಿದ್ದ ಸೈಕಲ್ ಬೆಲ್ಲನ್ನು ಬಾರಿಸುತ್ತಿತ್ತು. ಇಂಜಿನ್ ಸದ್ದಿನಲ್ಲಿ ಹಿಂದಿನವರ ಕೂಗು ಅತ್ತಿಗೆಗೆ ಕೇಳಿಸುತ್ತಿರಲಿಲ್ಲ, ಕಿವಿಯ ಪಕ್ಕದ ಬೆಲ್ಲು ಕೇಳಿಸುತ್ತಿತ್ತು. ಬೆಲ್ಲು ನಿಂತರೆ ಚೈನ್ ಕಳಚಿದೆ ಎಂದರ್ಥ.

ಆಕಾಶದ ಒಂದು ಮೂಲೆ ಕಪ್ಪಾಗಿತ್ತು. ಮಳೆ ಬಿದ್ದರೆ ಹೊಲಕ್ಕೆ ಇಳಿಯುವಂತಿಲ್ಲ. ಹಿಂದಿನ ದಿನ ಕತ್ತರಿಸಿ ಬೂದಿ ಸವರಿದ ಹೋಳುಗಳು ಚೀಲಗಳಲ್ಲೇ ಕೊಳೆಯುತ್ತವೆ. ಅರ್ಧ ಹೊಲ ಬಾಕಿ ಇತ್ತು.

“ಒಂದು ಕೆಲ್ಸ ಮಾಡಿ,” ಎಂದ ಮೈದುನ. “ಇನ್ಮೇಲೆ ಬೆಲ್ಲು ನಿಂತ್ರೆ ಗಾಡಿ ನಿಲ್ಲಿಸ್ಬೇಡಿ. ನಿಧಾನ ಮಾಡಿ ಸಾಕು. ಹೋಗ್ತಾ ಹೋಗ್ತಾನೇ ಚೈನ್ ಹಾಕ್ಬಿಡ್ತೀನಿ.”

“ತಿರುಗೋ ಚಕ್ರಕ್ಕೆ ಕೈ ಹಾಕ್ತೀಯಾ?”

“ಅಂಗಡೀಲಿ ದಿನಾ ಮಾಡೋದೇನು ಮತ್ತೆ? ಚಕ್ರ ತಿರುಗಿಸ್ತಾ ಬೆರಳಲ್ಲಿ ಒತ್ತಿದ್ರೆ ತಾನೇ ಬಂದು ಕೂರುತ್ತೆ. ಬೆಲ್ಲು ಮತ್ತೆ ಶುರುವಾದ್ರೆ ಎಲ್ಲ ಸರಿಯಾಯ್ತು ಅಂತ. ಜೋರಾಗಿ ಬಿಡಿ.”

ಅವನು ಹೇಳಿದ್ದು ನಿಜವೇ. ಆದರೆ ಅಂಗಡಿಯಲ್ಲಿ ಚಕ್ರ ತಿರುಗಿಸುವ ಕೈಯೂ ಅವನದೇ ಆಗಿರುತ್ತಿತ್ತು.

“ಸರಿ. ಆದ್ರೆ ಬೆಳಿಗ್ಗೆ ಥರ ಟಿಣ್ ಟಿಣ್ ಅಂತ ವೈರ್ ಎಳೆದು ‘ಅತ್ತಿಗೆ, ದಾರಿ ಬಿಡಿ’ ಅಂತ ಆಟ ಆಡಿದ್ರೆ, ಇಳಿದು ಬಂದು ಕಿವಿ ಹಿಂಡ್ತೀನಿ.”

“ಇಲ್ಲ ತಾಯಿ, ಇಲ್ಲ.”

ಮುಂದಿನ ಸಾಲಿನ ನಡುವೆ ಬೆಲ್ಲು ನಿಂತಿತು. ಮಾತಿನಂತೆ ಅತ್ತಿಗೆ ವೇಗ ಇಳಿಸಿದಳು, ನಿಲ್ಲಿಸಲಿಲ್ಲ. ಮೈದುನ ಬಗ್ಗಿ, ಬಟ್ಟೆಯ ಕೈಗವಸು ತೊಟ್ಟ ಬಲಗೈಯಿಂದ ಚೈನನ್ನು ಎತ್ತಿ ತಟ್ಟೆಯ ಹಲ್ಲಿನ ಮೇಲೆ ಒತ್ತಿದ. ಚೈನು ಕೂತಿತು. ಕೈಗವಸಿನ ತುದಿಯನ್ನೂ ಅದರೊಳಗಿನ ತೋರುಬೆರಳನ್ನೂ ಒಳಕ್ಕೆ ಎಳೆದುಕೊಂಡಿತು.

ತಟ್ಟೆ ತಿರುಗಿತು. ಬೆಲ್ಲು ಬಾರಿಸಿತು.

ಎಲ್ಲ ಸರಿಯಾಯಿತೆಂದು ಅತ್ತಿಗೆ ವೇಗ ಹೆಚ್ಚಿಸಿದಳು.

ಮೈದುನ ಕೂಗಿದ. ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಬೆರಳು ಸಿಕ್ಕಿಕೊಂಡಿದ್ದರಿಂದ ಚೈನು ಬಿಗಿದು, ಕೆಳಗಿನ ಚಕ್ರ ಸಡಿಲ ಮಣ್ಣಿನಲ್ಲಿ ಉರುಳದೆ ಜಾರುತ್ತಿತ್ತು. ಹೆಂಟೆ ಸಿಕ್ಕಾಗ ಮಾತ್ರ ಚೂರು ತಿರುಗುತ್ತಿತ್ತು. ತಿರುಗಿದಷ್ಟೂ ಬೆರಳು ಒಳಗೆ ಹೋಗುತ್ತಿತ್ತು. ಇಳಿಯುವಂತಿಲ್ಲ, ಇಳಿದರೆ ಕೈಯೇ ಅವನನ್ನು ಎಳೆದೊಯ್ಯುತ್ತದೆ. ಅವನು ಮುಂದೆ ನೋಡಿದ. ಸಾಲು ಮುಗಿಯುವಲ್ಲಿ ಟ್ರ್ಯಾಕ್ಟರ್ ತಿರುಗಿ ತಿರುಗಿ ಕಲ್ಲಿನಂತಾದ ನೆಲವಿತ್ತು. ಅಲ್ಲಿ ಚಕ್ರದ ಮುಳ್ಳು ಜಾರುವುದಿಲ್ಲ, ಕಚ್ಚಿ ಹಿಡಿಯುತ್ತದೆ.

ಎಡಗೈ ಚಾಚಿ ಬೆಲ್ಲಿನ ವೈರನ್ನು ಎಳೆದ. ಟಿಣ್ ಟಿಣ್ ಟಿಣ್. ಅತ್ತಿಗೆ ತಿರುಗಲಿಲ್ಲ. ಬಲಗೈ ಮೇಲೆತ್ತಿ, ಕಿವಿ ಹಿಂಡುವ ಹಾಗೆ ಎರಡು ಬೆರಳು ತಿರುಚಿ ತೋರಿಸಿದಳು. ಅವಳ ಹೆಗಲು ನಗುವಿಗೆ ಕುಲುಕಿತು.

ವೈರು ಬಿಟ್ಟ. ಬೆಲ್ಲು ಸುಮ್ಮನಾಯಿತು. ಟ್ರ್ಯಾಕ್ಟರ್ ಸ್ವಲ್ಪ ನಿಧಾನವಾಯಿತು, ನಿಲ್ಲಲಿಲ್ಲ. ಹಾಗೆ ಮಾಡಲು ಹೇಳಿದವನು ಅವನೇ.

ಗಟ್ಟಿ ನೆಲ ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ಸಿಕ್ಕಿತು.

ಮಡಿಲ ಪಕ್ಕದ ಚೀಲದಿಂದ ಒಂದು ಹೋಳು ತೆಗೆದು ಎಡಗೈಯಲ್ಲಿ ಎಸೆದ. ಅದು ಎಲ್ಲೋ ಹೋಯಿತು. ಎರಡನೆಯದು ಮಡ್‌ಗಾರ್ಡಿಗೆ ಬಡಿದು ಸಿಡಿಯಿತು. ಕೈಗೆ ಕತ್ತರಿಸದ ಇಡೀ ಗಡ್ಡೆಯೊಂದು ಸಿಕ್ಕಿತು. ಅದು ಅತ್ತಿಗೆಯ ಬುರುಡೆಗೆ ಹಿಂದಿನಿಂದ ಬಿತ್ತು.

ಕೆಂಡವಾಗಿ ತಿರುಗಿದವಳು ಅವನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ತುಳಿದಳು. ಯಂತ್ರದ ಚಕ್ರ ಗಟ್ಟಿ ನೆಲಕ್ಕೆ ಒಂದು ಗೇಣು ಈಚೆ ನಿಂತಿತು.

“ಅಯ್ಯೋ ಪುಣ್ಯಾತ್ಮ! ತಡಿ, ಹಿಂದಕ್ಕೆ ತಗೋತೀನಿ—” ಅವಳ ಕೈ ಗೇರಿಗೆ ಹೋಯಿತು.

“ಬೇಡ! ಗಾಡಿ ಮುಟ್ಟಬೇಡಿ! ಇಂಜಿನ್ ಆಫ್ ಮಾಡಿ. ಚಕ್ರಾನ ಕೈಯಲ್ಲೇ ಹಿಂದಕ್ಕೆ ತಿರುಗ್ಸಿ.”

ಇಂಜಿನ್ ನಿಂತ ಮೇಲೆ ಅವನ ಉಸಿರಾಟ ಕೇಳಿಸಿತು. ಅತ್ತಿಗೆ ಇಳಿದು ಚೀಲಗಳನ್ನು ನೆಲಕ್ಕೆ ನೂಕಿ ಯಂತ್ರ ಹಗುರ ಮಾಡಿದಳು. ಅವನು ಕೈಯನ್ನು ಅಲ್ಲೇ ಇಟ್ಟುಕೊಂಡು ಮೆಲ್ಲಗೆ ಸೀಟಿನಿಂದಿಳಿದ. ಅವಳು ಮಂಡಿಯೂರಿ ಚಕ್ರದ ಮುಳ್ಳುಗಳನ್ನು ಹಿಡಿದು ಮೇಲಕ್ಕೆಳೆದಳು. ಮೊದಲ ಸಲ ಅಲುಗಲಿಲ್ಲ. ಎರಡನೇ ಸಲ ಚಕ್ರ ಹಿಂದಕ್ಕೆ ಸರಿಯಿತು. ಬೆಲ್ಲು ಒಂದು ಸಲ ಬಾರಿಸಿತು. ಕೈ ಈಚೆ ಬಂತು.

ಅವಳು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬೆರಳಿಗೆ ಬಿಗಿಯಾಗಿ ಸುತ್ತಿದಳು. ಬೆರಳನ್ನು ಅವನಿಗೆ ನೋಡಗೊಡಲಿಲ್ಲ.

“ಕಿವಿ ಹಿಂಡ್ತೀನಿ ಅಂದಿದ್ರಿ,” ಎಂದ ಮೈದುನ. ಅವನ ತುಟಿ ಬಿಳುಚಿತ್ತು.

“ಬಾಯ್ ಮುಚ್ಕೊಂಡು ಕೈ ಮೇಲೆತ್ತಿ ಹಿಡಿ. ನಡಿ ಆಸ್ಪತ್ರೆಗೆ.”

ವೈದ್ಯರು ತೋರುಬೆರಳಿನ ತುದಿಯ ಗೆಣ್ಣನ್ನು ತೆಗೆದರು. ಉಳಿದ ಬೆರಳುಗಳಿಗೆ ಏನೂ ಆಗಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಮಳೆ ಸುರಿಯಿತು. ಬಾಕಿ ಅರ್ಧ ಹೊಲ ಹಾಗೇ ಉಳಿಯಿತು, ಚೀಲಗಳಲ್ಲಿದ್ದ ಹೋಳುಗಳು ಕೊಳೆತವು. ಮುಂದಿನ ವಾರ ಅತ್ತಿಗೆ ಖಾಲಿ ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಚೈನಿಗೆ ಮುಚ್ಚಳ ಹಾಕಿದಳು. ತೂತು ಎಲ್ಲೆಲ್ಲಿ ಕೊರೆಯಬೇಕೆಂದು ಮೈದುನ ಎಡಗೈಯಲ್ಲಿ ಗುರುತು ಹಾಕಿಕೊಟ್ಟ.