ಚರಟದ ರೊಟ್ಟಿ

ರಕ್ತದ ಸಕ್ಕರೆ ಇಳಿಯುವವರೆಗೆ ಬೆಲ್ಲದ ಕಾಫಿ ಮುಟ್ಟಕೂಡದೆಂದು ಡಾಕ್ಟರು ಹೇಳಿದ ದಿನವೇ ಬಾಳೂರಿನ ಬೆಳೆಗಾರ ಮಲ್ಲಿಕಾರ್ಜುನಪ್ಪ ಮೂಡಿಗೆರೆಯಿಂದ ಜ್ಯೂಸರ್ ತಂದರು. ಸಕ್ಕರೆ ಬೇಗ ಇಳಿದು ಮತ್ತೆ ಕಾಫಿ ಸಿಗಲೆಂಬ ಆಸೆಗೆ ದಿನಾ ಕಿತ್ತಳೆ, ಕ್ಯಾರೆಟ್ ರಸ ತೆಗೆದು ಲೋಟಗಟ್ಟಲೆ ಕುಡಿದರು.

ಹೆಂಡತಿ ಪ್ರೇಮಕುಮಾರಿಗೂ ಅದೇ ಕಾಯಿಲೆ, ಅದೇ ಪಥ್ಯ. ರಸ ಹಿಂಡಿ ಉಳಿದ ಚರಟವನ್ನು ಬಿಸಾಡಲು ಮನಸ್ಸು ಬಾರದೆ ಅವರು ರಾಗಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿಕೊಂಡರು.

"ಕಾಫಿಹಣ್ಣಿನ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತೆ. ನೀನು ಗೊಬ್ಬರ ತಿಂತೀಯಲ್ಲೇ ಮಾರಾಯ್ತಿ!" ಎಂದು ಮಲ್ಲಿಕಾರ್ಜುನಪ್ಪ ನಕ್ಕರು.

ತಿಂಗಳು ಕಳೆದು ಪರೀಕ್ಷೆ ಮಾಡಿಸಿದರೆ ಅವರ ಸಕ್ಕರೆ ಏರಿತ್ತು, ಹೆಂಡತಿಯದು ಇಳಿದಿತ್ತು.

"ಸಿಹಿಯೆಲ್ಲ ನಿಮ್ಮ ಲೋಟಕ್ಕೆ ಬಂತು, ನಾರೆಲ್ಲ ಅವರ ರೊಟ್ಟಿಗೆ ಹೋಯ್ತು," ಎಂದರು ಡಾಕ್ಟರು.

ಮರುದಿನ ಪ್ರೇಮಕುಮಾರಿ ತಮಗೆ ಅನುಮತಿ ಸಿಕ್ಕಿದ ಅರ್ಧ ಲೋಟ ಬೆಲ್ಲದ ಕಾಫಿ ಹೀರುತ್ತಾ ಅಡುಗೆಮನೆಯಿಂದ ಕೇಳಿದರು:

"ರೀ, ಗೊಬ್ಬರಕ್ಕೆ ಚಟ್ನಿ ಹಾಕ್ಲಾ?"