ಎರಡು ಅಂಕದ ಪ್ರಶ್ನೆ

ಸುಗುಣ ಟೀಚರ್ ಆ ಸರ್ಕಾರಿ ಶಾಲೆಗೆ ಬಂದು ಹದಿನೇಳು ವರ್ಷವಾಗಿತ್ತು. ನಾವುಂದದಿಂದ ಎರಡು ಮೈಲಿ ಆಚೆ, ಕಡಲ ಬದಿಯ ಶಾಲೆ. ಏಳನೇ ತರಗತಿಯಲ್ಲಿ ಇಪ್ಪತ್ತಮೂರು ಮಕ್ಕಳು, ಹೆಚ್ಚಿನವರು ಮೀನುಗಾರರ ಮನೆಯವರು. ವಿಜ್ಞಾನದ ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಥರ್ಮಾಮೀಟರ್, ಪ್ರಯೋಗಾಲಯದ್ದು, ಉದ್ದನೆಯದು. ಜ್ವರ ನೋಡುವ ಥರ್ಮಾಮೀಟರ್ ಯಾವ ಕಾಲದಲ್ಲೋ ಒಡೆದುಹೋಗಿತ್ತು. ಬೇರೆ ಬೇಕೆಂದು ಬರೆದು ಕೊಟ್ಟದ್ದಕ್ಕೆ ಉತ್ತರ ಬಂದಿರಲಿಲ್ಲ.

ಜುಲೈ ತಿಂಗಳ ಒಂದು ಸೋಮವಾರ ಅವರು ಉಷ್ಣದ ಪಾಠ ಶುರು ಮಾಡಿದರು. ಒಂದು ಲೋಟದಲ್ಲಿ ಅಡುಗೆಮನೆಯಿಂದ ತಂದ ಬಿಸಿನೀರು, ಇನ್ನೊಂದರಲ್ಲಿ ಮಂಜುಗಡ್ಡೆ. ಥರ್ಮಾಮೀಟರಿನ ಬುಡ ಲೋಟಕ್ಕೆ ತಾಗಬಾರದು, ಕಣ್ಣು ಪಾದರಸದ ನೇರಕ್ಕೇ ಇರಬೇಕು, ಓರೆಯಾಗಿ ನೋಡಿದರೆ ಲೆಕ್ಕ ತಪ್ಪುತ್ತದೆ ಎಂದು ತೋರಿಸಿಕೊಟ್ಟರು. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಓದಿದರು. ಯಾರಿಗೂ ಅರ್ಧ ಡಿಗ್ರಿ ಕಾಣಿಸಲಿಲ್ಲ. ಚಂದನಾ ಮಾತ್ರ ಮೊಣಕಾಲೂರಿ, ಉಸಿರು ಹಿಡಿದು ನೋಡಿ, "ಅರವತ್ತೊಂದೂವರೆ ಟೀಚರ್" ಅಂದಳು. ಸರಿಯಾಗಿತ್ತು.

ಆ ಹುಡುಗಿಯ ಮೇಲೆ ಟೀಚರ್‌ಗೆ ಮೊದಲಿಂದಲೂ ಒಂದು ಆಸೆ. ಅಪ್ಪ ದೇವು ಮುಂಬೈಯ ಕ್ಯಾಂಟೀನಿನಲ್ಲಿದ್ದ. ಅಮ್ಮ ಸರೋಜ ಮೀನು ಹೊತ್ತು ಮಾರುವವಳು. ಬೋಟು ನಿಂತ ಮಳೆಗಾಲದ ಎರಡು ತಿಂಗಳು ಗದ್ದೆಗೆ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಇನ್ನೊಬ್ಬಳು ಅಪ್ಪಿ ಎಂಬ ಅಜ್ಜಿ. ಇವಳೊಬ್ಬಳಾದರೂ ಮುಂದೆ ಓದಲಿ ಎಂದುಕೊಂಡು ಟೀಚರ್ ಅವತ್ತು ಥರ್ಮಾಮೀಟರನ್ನು ಅವಳ ಕೈಗೇ ಕೊಟ್ಟರು. ಬೆಳಿಗ್ಗೆ, ಸಂಜೆ ಬಾವಿಯ ನೀರಿನ ಉಷ್ಣತೆ ನೋಡಿ ಬರೆದು ತರಬೇಕು. ಇಡೀ ಶಾಲೆಯಲ್ಲಿ ಅಂಥ ಕೆಲಸ ಇನ್ಯಾರಿಗೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಊಟದ ಗಂಟೆಯಾಯಿತು. ಟೀಚರ್ ಬಿಸಿಯೂಟದ ಲೆಕ್ಕವನ್ನು ಫೋನಿಗೆ ಹಾಕುತ್ತಿದ್ದರು, ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಚಂದನಾ ಬಾಗಿಲ ಹತ್ತಿರ ನಿಂತು ಕೇಳಿದಳು.

"ಟೀಚರ್, ಇದ್ರಲ್ಲ್ ಜ್ವರ ಕಾಣ್ಲಕ್ಕಾ?"

"ಜ್ವರ ನೋಡುವುದು ನಾಳೆಯ ಪಾಠ," ಎಂದರು ಟೀಚರ್, ಫೋನಿನಿಂದ ಕಣ್ಣು ಎತ್ತದೆ.

ಮರುದಿನ ಪಾಠ ನಡೆಯಲಿಲ್ಲ. ಬೆಳಿಗ್ಗೆಯೇ ಮಳೆ ರಜೆ ಘೋಷಣೆಯಾಯಿತು. ಬುಧವಾರವೂ ರಜೆ, ಗುರುವಾರವೂ ರಜೆ. ಶುಕ್ರವಾರ ಶಾಲೆ ತೆರೆದಾಗ ಚಂದನಾ ಬಂದಿರಲಿಲ್ಲ. ಟೀಚರ್ ಪಾಠದ ಮುಂದಿನ ಪುಟ ತೆಗೆದು, ಎರಡು ಥರ್ಮಾಮೀಟರಿನ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿದರು. ಜ್ವರದ್ದರಲ್ಲಿ ಬುಡದ ಹತ್ತಿರ ಒಂದು ಸಣ್ಣ ಬಾಗು ಇರುತ್ತದೆ, ಅದು ಪಾದರಸವನ್ನು ಇಳಿಯಗೊಡುವುದಿಲ್ಲ. ಪ್ರಯೋಗಾಲಯದ್ದರಲ್ಲಿ ಆ ಬಾಗು ಇಲ್ಲ. ಮಕ್ಕಳು ಬರೆದುಕೊಂಡರು.

ಶನಿವಾರ ಮಧ್ಯಾಹ್ನ ಸುದ್ದಿ ಬಂತು. ಸರೋಜ ಉಡುಪಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಇಲಿಜ್ವರ. ಗದ್ದೆಯ ನೀರಲ್ಲಿ ನಿಂತ ಕಾಲಿನ ಗಾಯದಿಂದ ಹತ್ತಿದ್ದಿರಬೇಕು ಎಂದರಂತೆ. ಗುರುವಾರ ಸಂಜೆ ಕರೆದುಕೊಂಡು ಹೋಗುವಾಗಲೇ ಕಣ್ಣು ಹಳದಿ, ಮೂತ್ರ ನಿಂತಿತ್ತು. ಎರಡು ದಿನ ಮೊದಲೇ ತಂದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತಾಯಿತು. ಸುಗುಣ ಟೀಚರ್ ಕೂಡ ಎಲ್ಲರಂತೆ, ಜನ ಯಾಕೆ ಹೀಗೆ ಉದಾಸೀನ ಮಾಡುತ್ತಾರೋ ಎಂದು ನೊಂದುಕೊಂಡರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಚಂದನಾ ಶಾಲೆಗೆ ಬಂದಳು. ಥರ್ಮಾಮೀಟರನ್ನು ತೊಳೆದು, ಹಳೆ ಸೀರೆಯ ಚೂರಿನಲ್ಲಿ ಸುತ್ತಿ ತಂದಿದ್ದಳು. ಜೊತೆಗೆ ನೋಟ್‌ಬುಕ್. ಅಷ್ಟಾದರೂ ಬರೆದು ತಂದಿದ್ದಾಳಲ್ಲ ಎಂದುಕೊಂಡು ಟೀಚರ್ ಅದನ್ನು ಕೈಗೆ ತೆಗೆದುಕೊಂಡರು. ಪುಟ ತೆರೆದರು. ಸ್ಕೇಲಿನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದ್ದಳು. ಬಾವಿ ನೀರು: ಇಪ್ಪತ್ತಾರು, ಇಪ್ಪತ್ತಾರೂವರೆ. ಅದರ ಪಕ್ಕ ಇನ್ನೊಂದು ಸಾಲು, ಮೇಲೆ 'ಅಮ್ಮ' ಎಂದು ಬರೆದಿತ್ತು. ಮಂಗಳವಾರ ಬೆಳಿಗ್ಗೆ ಮೂವತ್ತಾರೂವರೆ. ಸಂಜೆ ಮೂವತ್ತಾರು. ಬುಧವಾರ ಬೆಳಿಗ್ಗೆ ಮೂವತ್ತಾರು. ಮಧ್ಯಾಹ್ನ ಮೂವತ್ತಾರೂವರೆ.

ಟೀಚರ್ ಆ ಸಾಲನ್ನು ಇನ್ನೊಮ್ಮೆ ಓದಿದರು.

"ಹೇಗೆ ನೋಡಿದೆ?" ಎಂದು ಕೇಳಿದರು.

"ಕಂಕುಳಲ್ಲ್ ಐದ್ ನಿಮಿಷ ಇಟ್ಟ್ ತೆಗ್ದೆ ಟೀಚರ್. ಕರೆಂಟ್ ಇರ್ಲಿಲ್ಲೆ. ಒಳಗೆ ಎಂತದೂ ಕಾಂತಿರ್ಲಿಲ್ಲೆ. ಚಾವಡಿ ಬಾಗ್ಲಿಗ್ ತಂದ್ ನೇರ ಹಿಡ್ದ್ ಕಂಡೆ." ಥರ್ಮಾಮೀಟರನ್ನು ಮೇಜಿನ ಮೇಲಿಟ್ಟು ಹೇಳಿದಳು, "ಅಮಿತಕ್ಕ ಬಂದಿದ್ರ್. ಗೇಟಿಂದ್ಲೇ ಜ್ವರ ಇತ್ತಾ ಅಂತ ಕೇಂಡ್ರ್. ನಾನ್ ಪುಸ್ತಕ ತೋರ್ಸ್ದೆ."

ಅಮಿತಾ ಊರಿನ ಆಶಾ ಕಾರ್ಯಕರ್ತೆ. ಮಳೆಗಾಲದಲ್ಲಿ ಮನೆ ಮನೆಗೆ ಬಂದು ಯಾರಿಗಾದರೂ ಜ್ವರವಿದೆಯೇ ಎಂದು ಕೇಳಿ ಹೋಗುವುದು ಅವಳ ಕೆಲಸ. ಇಲ್ಲವೆಂದು ಬರೆದುಕೊಂಡು ಹೋಗಿರಬೇಕು.

ಆ ಕತ್ತಲೆ ಕೋಣೆಯಿಂದ ಚಾವಡಿಯ ಬಾಗಿಲಿಗೆ ಹತ್ತು ಹೆಜ್ಜೆ ಇದ್ದೀತು. ಹೊರಗೆ ಮಳೆಯ ತಂಪುಗಾಳಿ. ಮೂವತ್ತೊಂಬತ್ತೋ ನಲವತ್ತೋ ಇದ್ದ ಪಾದರಸ ಮೂವತ್ತಾರಕ್ಕೆ ಇಳಿಯಲು ಹತ್ತು ಹೆಜ್ಜೆ ಧಾರಾಳ ಸಾಕು. ಹುಡುಗಿ ಓರೆಯಾಗಿ ನೋಡಿರಲಿಲ್ಲ, ಅರ್ಧ ಡಿಗ್ರಿ ಬಿಟ್ಟಿರಲಿಲ್ಲ. ಹೇಳಿಕೊಟ್ಟದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದಳು.

ಟೀಚರ್ ನೋಟ್‌ಬುಕ್ ಮುಚ್ಚಿ ಕೊಟ್ಟರು. "ಚೆನ್ನಾಗಿ ಬರೆದಿದ್ದೀ," ಎಂದರು.

ಹೇಳಬೇಕೋ ಬೇಡವೋ ಎಂದು ಅವರು ಎರಡು ವಾರ ಒದ್ದಾಡಿದರು. ಹೇಳಿದರೆ ಹನ್ನೆರಡು ವರ್ಷದ ಮಗು ಅದನ್ನು ಜನ್ಮವಿಡೀ ಹೊರಬೇಕು. ಹೇಳದಿದ್ದರೆ? ಆ ಪಾಠವಿದ್ದ ವಿಜ್ಞಾನದ ಪುಸ್ತಕ ಅವಳ ಚೀಲದಲ್ಲೇ ಇತ್ತು. ಹೀಗಿರುವಾಗ ಪರೀಕ್ಷೆ ಬಂತು. ಪ್ರಶ್ನೆಪತ್ರಿಕೆ ಎಲ್ಲ ಶಾಲೆಗೂ ಒಂದೇ, ಹೊರಗಿಂದ ಬಂದದ್ದು. ಹಂಚುವಾಗ ಟೀಚರ್ ಏಳನೆಯ ಪ್ರಶ್ನೆ ಓದಿದರು: ಪ್ರಯೋಗಾಲಯದ ತಾಪಮಾಪಕದಿಂದ ದೇಹದ ಉಷ್ಣತೆಯನ್ನು ಏಕೆ ಅಳೆಯಬಾರದು? ಎರಡು ಅಂಕ. ಏಳನೆಯದು ಬಿಡಿ ಮಕ್ಕಳೇ ಎಂದು ಹೇಳಬಹುದಿತ್ತು. ಯಾಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ಹೆದರಿ ಸುಮ್ಮನಾದರು.

ಚಂದನಾ ತಲೆ ತಗ್ಗಿಸಿ ಬರೆಯುತ್ತಿದ್ದಳು. ಕೈ ಎಲ್ಲೂ ನಿಂತಂತೆ ಕಾಣಲಿಲ್ಲ.

ಅವಳ ಉತ್ತರ ಮೂರು ವಾಕ್ಯದ್ದು. "ಪ್ರಯೋಗಾಲಯದ ತಾಪಮಾಪಕದಲ್ಲಿ ಬಾಗು ಇರುವುದಿಲ್ಲ. ದೇಹದಿಂದ ಹೊರಗೆ ತೆಗೆದ ಕೂಡಲೇ ಪಾದರಸ ಇಳಿಯುತ್ತದೆ. ಆದ್ದರಿಂದ ಜ್ವರ ಇದ್ದರೂ ಇಲ್ಲ ಎಂದು ತೋರಿಸುತ್ತದೆ." ಕೊನೆಯ ವಾಕ್ಯ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಟೀಚರ್ ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಎರಡು ಅಂಕ ಹಾಕಿದರು. ಬೇರೆ ಏನು ಹಾಕುವುದಕ್ಕಿತ್ತು?

ಭಾನುವಾರ ಅವರು ಚಂದನಾಳ ಮನೆಗೆ ಹೋದರು. ತಪ್ಪು ನನ್ನದು ಎಂದು ಹೇಳಿಬಿಡಬೇಕು ಎಂದುಕೊಂಡೇ ಹೋದದ್ದು. ಅಪ್ಪಿ ಚಾವಡಿಯಲ್ಲಿ ಚಾಪೆ ಹಾಸಿ ಕೂರಿಸಿದಳು. ಚಂದನಾ ಕಂಬಕ್ಕೆ ಒರಗಿ ನಿಂತಳು.

"ಹಣೆಬರಹ ಟೀಚರ್ರೆ, ಎಂತ ಮಾಡೂದ್," ಎಂದು ಅಪ್ಪಿ ಶುರು ಮಾಡಿದಳು. "ಈ ಹೆಣ್ಣ್ ಅಮ್ಮನ ಎಷ್ಟ್ ಚಂದ ಕಂಡ್ಕಂಡಿತ್ ಗೊತ್ತಿತ್ತಾ? ಹೊತ್ತ್ ಹೊತ್ತಿಗೆ ಮಿಷನ್ ಇಟ್ಟ್ ಕಾಂಬುದೇನ್, ಬರುದೇನ್. ಸರೋಜ ಹೇಳ್ತಿತ್ತ್, ಜ್ವರ ಇಲ್ಲೆ ಅಂತ ನನ್ ಮಗ್ಳೇ ಬರ್ದಿತ್ ಅಲ್ದಾ, ಬರೀ ಮೈ ನೋವ್, ಆಸ್ಪತ್ರೆ ಎಂತಕ್ಕೆ ಅಂತ. ನೀವ್ ಕಲ್ಸಿದ್ ವಿದ್ಯೆ ಅಂದೇಳಿ ಮನೆಗ್ ಬಂದವ್ರ್ ಹತ್ರ ಎಲ್ಲ ನಾನ್ ಹೇಳ್ತೆ."

ಕೊಟ್ಟ ಚಹಾವನ್ನು ಸುಗುಣ ಟೀಚರ್ ಮುಟ್ಟಲಿಲ್ಲ. ಎದ್ದರು. ಚಂದನಾ ಗೇಟಿನ ತನಕ ಜೊತೆಗೆ ಬಂದಳು. ಅಲ್ಲಿ ಟೀಚರ್ ಅವಳ ಕೈ ಹಿಡಿದು, "ಚಂದನಾ, ಅವತ್ತು ನೀನು ಕೇಳಿದಾಗ ನಾನು..." ಎಂದರು.

ಹುಡುಗಿ ಅಳಲಿಲ್ಲ. ನಿಧಾನವಾಗಿ ಕೈ ಬಿಡಿಸಿಕೊಂಡಳು.

"ಪರೀಕ್ಷೆಗ್ ಓದ್ವಾಗ್ಳೇ ನಂಗ್ ಗೊತ್ತಾಯ್ತ್ ಟೀಚರ್. ಅಜ್ಜಿಗ್ ಮಾತ್ರ ಹೇಳ್ಬೇಡಿ."

ಅಷ್ಟರಲ್ಲಿ ಪಕ್ಕದ ಮನೆಯ ಸೀತು ಕೊಡೆ ಮಡಚುತ್ತ ಒಳಗೆ ಬಂದಳು. "ಹ್ವಾಯ್, ಅಪ್ಪಿಯಕ್ಕ, ಟೀಚರ್ ಬಂದಿದ್ರಾ?" ಎಂದು ಕೇಳಿದಳು. ಚಾವಡಿಯಿಂದ ಅಪ್ಪಿಯ ದನಿ ಮತ್ತೆ ಎದ್ದಿತು, ಹೊತ್ತು ಹೊತ್ತಿಗೆ ಮಿಷನ್ ಇಟ್ಟು ಕಂಡ ಮೊಮ್ಮಗಳ ಕತೆ. "ಚಂದನಾ, ಬಾ ಇಲ್ಲ್, ಆ ಪುಸ್ತಕ ತೋರ್ಸ್ ಸೀತಕ್ಕಂಗೆ," ಎಂದು ಕರೆದಳು.

ಚಂದನಾ ಪುಸ್ತಕ ತರಲು ಒಳಗೆ ಹೋದಳು.