ಒಳ್ಳೆಯ ಕಾಲು

"ಫ್ರಿಜ್ಜಲ್ಲಿ ಇಟ್ಟಿದ್ರಾ ಇದನ್ನ?" ಪಾದದ ಗಂಟಿನ ಮೇಲೆ ಜೆಲ್ ಬಿದ್ದೊಡನೆ ಕ್ಲೆಮ್ ಕಾಲೆಳೆದುಕೊಂಡ.

"ನಿಮಗೋಸ್ಕರನೇ," ಎಂದಳು ಫಿಸಿಯೊ ರೊಸಾನಾ, ಅಲ್ಟ್ರಾಸೌಂಡಿನ ಹಿಡಿಯನ್ನು ಗಂಟಿನ ಸುತ್ತ ಆಡಿಸುತ್ತ.

ಕ್ಲೆಮ್‌ನದು ಹುಟ್ಟಿನಿಂದ ಬಂದ ಹಿಮೋಫೀಲಿಯಾ. ಬೇಗ ಹೆಪ್ಪುಗಟ್ಟದ ರಕ್ತ ಅರವತ್ತೆಂಟು ವರ್ಷ ಕೀಲುಗಳೊಳಗೆ ಸೋರಿ ಸೋರಿ ಅವನ್ನು ತಿಂದುಹಾಕಿತ್ತು. ಪರದೆಯ ಮೇಲೆ ಅವನ ಗಂಟು ಕಬ್ಬು ಕಡಿದ ಗದ್ದೆಯ ಹಾಗೆ ಮೊಂಡು ಮೊಂಡಾಗಿ ಕಂಡಿತು.

"ಹೊಸ ರಕ್ತ ಇಲ್ಲ. ಹಳೇ ಸವೆತದ್ದೇ ನೋವು."

"ಒಳ್ಳೆ ಗಂಟು ಹೇಗಿರುತ್ತೆ ಅಂತ ಒಂದ್ಸಲನಾದ್ರೂ ತೋರಿಸಿ. ನನ್ನ ಹತ್ರ ಒಂದೂ ಇಲ್ಲ. ನನ್ನ ಮಗಳದ್ದು ನೋಡಿ, ಫಸ್ಟ್‌ಕ್ಲಾಸ್ ಮಾಲು."

"ನನ್ನ ಕಾಲನ್ನ ಸಂತೆಗೆ ತಂದಿಲ್ಲಪ್ಪ," ಎಂದು ಗೊಣಗಿದರೂ ಬ್ರನ್ವಿನ್ ಶೂ ಬಿಚ್ಚಿದಳು. ಮಕಾಯ್ ಊರಿನಿಂದ ಅವನನ್ನು ಕಾರಿನಲ್ಲಿ ಕರೆತಂದವಳು ಅವಳೇ. ಅವನಿಗೆ ಒಬ್ಬಳೇ ಮಗಳು, ಅವಳಿಗೆ ಮಕ್ಕಳಿಲ್ಲ. ಈ ಕಾಯಿಲೆ ಗಂಡಸರದು, ಹೆಣ್ಣು ಅದನ್ನು ಮುಂದಕ್ಕೆ ಸಾಗಿಸುತ್ತಾಳಷ್ಟೆ ಎಂದು ಕ್ಲೆಮ್ ಕೇಳಿಕೊಂಡು ಬಂದಿದ್ದ. 'ನನ್ನ ಜತೆಗೇ ಅದೂ ಮಣ್ಣಾಗುತ್ತೆ' ಎಂದು ಪಬ್ಬಿನಲ್ಲಿ ಹೇಳಿಕೊಳ್ಳುತ್ತಿದ್ದ. ಬದುಕಿನಲ್ಲಿ ಅವನು ಗೆದ್ದದ್ದೆಂದರೆ ಅದೊಂದೇ.

ಮಗಳ ಗಂಟಿನ ಮೇಲೆ ರೊಸಾನಾಳ ಕೈ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೇ ಬಂದಿತು.

"ಇದು ಊದುತ್ತಾ?"

"ದಿನವಿಡೀ ಬೇಕರೀಲಿ ನಿಂತರೆ ಯಾರ ಕಾಲು ಊದಲ್ಲ?"

"ತಿಂಗಳ ಸ್ರಾವ?"

ಬ್ರನ್ವಿನ್ ಅಪ್ಪನನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದಳು. "ಜಾಸ್ತಿನೇ. ಮೊದಲಿಂದಲೂ."

"ಕೀಲಿನ ಒಳಪೊರೆ ದಪ್ಪ ಆಗಿದೆ. ಇಲ್ನೋಡಿ, ಮೂಳೆ ಅಂಚೂ ಕೊರೆದಿದೆ. ಹಿಂದೆ ಎಷ್ಟೋ ಸಲ ರಕ್ತ ಸೋರಿರೋ ಹಾಗಿದೆ. ಇವತ್ತೇ ರಕ್ತ ಪರೀಕ್ಷೆ ಮಾಡಿಸೋಣ."

"ಹೆಂಗಸರಿಗೆ ಬರಲ್ವಲ್ಲ," ಎಂದ ಕ್ಲೆಮ್.

"ಬರುತ್ತೆ ಕ್ಲೆಮ್. ಯಾರೂ ನೋಡಲ್ಲ ಅಷ್ಟೆ."

ರೊಸಾನಾ ರಕ್ತ ಪರೀಕ್ಷೆಯ ಚೀಟಿ ತರಲು ಹೊರಗೆ ಹೋದಳು. ಪರದೆಯ ಮೇಲೆ ಬೂದು ಬಣ್ಣದ ಚಿತ್ರ ಹಾಗೆಯೇ ನಿಂತಿತ್ತು. ಅದನ್ನು ಓದಲು ಕ್ಲೆಮ್‌ಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಿಕ್ಕಂದಿನ ಅವನ ಕಾಲೂ ಹೀಗೇ ಶುರುವಾಗಿತ್ತು.

"ಸ್ಕೂಲಲ್ಲಿ ನೆಟ್‌ಬಾಲ್ ಆಡುವಾಗ ಬಿದ್ದೆಯಲ್ಲ," ಎಂದ. "ಇದೇ ಕಾಲಾ?"

"ಇದೇ."

"ಉಳುಕು ಅಂದಿದ್ದೆ ನಾನು."

"ನಾಟಕ ಅಂದಿದ್ದೆ ನೀನು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಐಸ್ ಇಟ್ಕೋಬಾರದಿತ್ತಾ?"

"ಫ್ರೀಜರಲ್ಲಿದ್ದದ್ದೆಲ್ಲ ನಿಂದಲ್ವಾ ಅಪ್ಪಾ. ನಿಂಗೆ ಬೇಕಾಗುತ್ತೆ ಅಂತ ಅಮ್ಮ ಮುಟ್ಟೋಕೆ ಬಿಡ್ತಿರಲಿಲ್ಲ."

ಜೆಲ್ ಒರೆಸಿಕೊಂಡು, ಎಂದಿನಂತೆ ಅವನಿಗೆ ಶೂ ಹಾಕಲು ಅವಳು ನೆಲಕ್ಕೆ ಕೂರಹೊರಟಳು.

"ಬೇಡ. ಮೇಲೆ ಕೂತ್ಕೋ."

"ನಿಂಗೆ ಬಗ್ಗೋಕೆ ಆಗಲ್ಲ."

"ಬಗ್ಗಲ್ಲ. ಕಾಲು ಇಲ್ಲಿ ಕೊಡು."

ಅವಳು ನಾಚಿಕೊಂಡೇ ತಪಾಸಣೆಯ ಮಂಚದ ತುದಿಗೆ ಕೂತು, ಕುರ್ಚಿಯಲ್ಲಿದ್ದ ಅಪ್ಪನ ತೊಡೆಯ ಮೇಲೆ ಕಾಲಿಟ್ಟಳು. ಕ್ಲೆಮ್ ಅವಳಿಗೆ ಶೂ ತೊಡಿಸಿದ. ಬಿಗಿದಿದ್ದ ಲೇಸನ್ನು ಪೂರ್ತಿ ಬಿಚ್ಚಿ, ಸೊಟ್ಟ ಬೆರಳುಗಳಿಂದ ಕೆಳಗಿನಿಂದ ಮತ್ತೆ ಪೋಣಿಸುತ್ತ ಬಂದ. ಹುಡುಗನಾಗಿದ್ದಾಗಿನಿಂದ ತನ್ನ ಶೂಗಳಿಗೆ ಮಾಡಿಕೊಂಡು ಬಂದ ಹಾಗೆ, ಪಾದದ ಗಂಟಿಗೆ ಒತ್ತದಂತೆ, ಮೇಲಿನೆರಡು ತೂತುಗಳನ್ನು ಖಾಲಿ ಬಿಟ್ಟ.